ಕುಂಭಾರಿಯಲ್ಲಿ ಒಂದು ಕೊಡ ನೀರು



ನಾವು ವಿಜಯಪುರದಲ್ಲಿ ನಲವತ್ತೈದು ವರ್ಷಗಳಿಂದ ಪಾತ್ರೆ ವ್ಯಾಪಾರ ಮಾಡಿಕೊಂಡು ಬಂದವರು. ಮ್ಯಾಟ್ರಿಕ್ ಪಾಸಾದ ವರ್ಷವೇ ತಂದೆಯವರು ತಕ್ಕಡಿಯನ್ನು ನಮ್ಮ ಕೈಗೆ ಕೊಟ್ಟರು. ಆಗ ಅಂಗಡಿಯಲ್ಲಿ ಇದ್ದದ್ದು ತಾಮ್ರದ ಹಂಡೆ ಮತ್ತು ಹಿತ್ತಾಳೆಯ ಕೊಡ. ಎಲ್ಲವೂ ತೂಕದ ಮೇಲೆ ಮಾರಾಟ. ಅನಂತರ ಸ್ಟೀಲ್ ಬಂತು, ಕುಕ್ಕರ್ ಬಂತು, ಮಿಕ್ಸರ್ ಬಂತು. ಈಗ ನೀರು ಶುದ್ಧಿ ಮಾಡುವ ಆರ್‌ಒ ಯಂತ್ರದವರೆಗೆ ಬಂದು ನಿಂತಿದ್ದೇವೆ. ‘ಹಳೇ ತಾಮ್ರ ಕೊಡ್ರಿ, ಹೊಸ ಯಂತ್ರ ಒಯ್ರಿ’ ಎಂದು ಊರಿಗೆಲ್ಲ ಹೇಳಿದವರು ನಾವೇ. ಆದ್ದರಿಂದ ಮುಂದೆ ಬರೆಯುವ ವಿಷಯ ಬೇರೆಯವರ ಮೇಲಿನ ದೂರಲ್ಲ, ನಮ್ಮದೇ ಜಮಾ-ಖರ್ಚು ಎಂದು ವಾಚಕರು ತಿಳಿಯಬೇಕು.

2024ರ ಮೇ ತಿಂಗಳಿನಲ್ಲಿ ಮಗಳ ಮನೆಗೆಂದು ಕುಂಭಾರಿಗೆ ಹೋಗಿದ್ದೆವು. ವಿಜಯಪುರದಿಂದ ಸೊಲ್ಲಾಪುರ ಸುಮಾರು 100 ಕಿ.ಮೀ. ಧೂಳಖೇಡದ ಬಳಿ ಭೀಮಾ ನದಿ ದಾಟಿದರೆ ಮಹಾರಾಷ್ಟ್ರ. ಅಂಗಡಿಗಳ ಬೋರ್ಡು ಬದಲಾಗುತ್ತವೆ, ಮಾತು ಬದಲಾಗುವುದಿಲ್ಲ. ಸೊಲ್ಲಾಪುರ ನಮ್ಮವರಿಗೆ ಪರವೂರೂ ಅಲ್ಲ. ವಾಲಚಂದ ಹೀರಾಚಂದರು 1882ರಲ್ಲಿ ಹುಟ್ಟಿದ ಊರು. ನಮ್ಮ ಸದಲಗಾದ ಡಾ. ಆ. ನೇ. ಉಪಾಧ್ಯೆಯವರು ಸಂಪಾದಿಸಿದ ಪ್ರಾಚೀನ ಗ್ರಂಥಗಳನ್ನು ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಅಚ್ಚು ಹಾಕಿಸಿದ ಊರು. ಹನ್ನೆರಡನೆಯ ಶತಮಾನದಲ್ಲಿ ಶರಣ ಸಿದ್ಧರಾಮರು ಕೆರೆ ಕಟ್ಟಿಸಿದ ಸೊನ್ನಲಿಗೆಯೂ ಇದೇ. ನೀರಿಗಾಗಿ ದುಡಿದದ್ದೇ ದೊಡ್ಡ ಧರ್ಮವೆಂದು ಈ ಬರದ ಸೀಮೆ ಅಂದೇ ತಿಳಿದಿತ್ತು.

ಅಕ್ಕಲಕೋಟ ರಸ್ತೆಯಲ್ಲಿ ಸೊಲ್ಲಾಪುರದಿಂದ ಸುಮಾರು 10 ಕಿ.ಮೀ. ಹೋದರೆ ಕುಂಭಾರಿ. ಒಂದು ಕಾಲಕ್ಕೆ ಜೋಳದ ಹೊಲಗಳ ನಡುವಿನ ಹಳ್ಳಿ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ 10,000 ಮನೆಗಳ ವಸತಿ 2006ರಲ್ಲಿ ಇಲ್ಲಿ ಆಯಿತು. ಆಮೇಲೆ 30,000 ಮನೆಗಳ ರೇ ನಗರದ ಯೋಜನೆ ಬಂದು, ಮೊದಲ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಮಂತ್ರಿಗಳು ಕಾರ್ಮಿಕರಿಗೆ ಒಪ್ಪಿಸಿದರು. ನಮ್ಮ ಬೀಗರ ಮನೆ ಹಳೆಯ ಊರಿನ ಬದಿಗೆ, ಹೊಲಕ್ಕೆ ಹೊಂದಿಕೊಂಡಿದೆ. ಮನೆಯಲ್ಲಿ ಫ್ರಿಜ್, ವಾಷಿಂಗ್ ಮಶಿನ್, ಹಿಟ್ಟಿನ ಸಣ್ಣ ಗಿರಣಿ, ಬೋರ್‌ವೆಲ್‌ಗೆ ಮೋಟರು, ಇನ್ವರ್ಟರ್, ಆರ್‌ಒ ಎಲ್ಲವೂ ಇವೆ. ಅರ್ಧಕ್ಕಿಂತ ಹೆಚ್ಚು ನಮ್ಮ ಅಂಗಡಿಯಿಂದಲೇ ಹೋದದ್ದು.

ನಾವು ಮುಟ್ಟಿದ ದಿನ ಸಂಜೆ ಸುದ್ದಿ ಬಂತು: ಅಕ್ಕಲಕೋಟದ ಕಡೆಯಿಂದ ವಿಹಾರ ಮಾಡುತ್ತಿರುವ ತ್ಯಾಗಿಗಳೊಬ್ಬರು ಮರುದಿನ ಬೆಳಿಗ್ಗೆ ಕುಂಭಾರಿಗೆ ಬರುತ್ತಾರೆ, ಆಹಾರದ ಚೌಕ ಇವರ ಮನೆಯಲ್ಲೇ ಆಗಬೇಕು. ಮನೆಮಂದಿಗೆ ಸಂತೋಷ ಹಿಡಿಸಲಿಲ್ಲ. ಅದಾದ ಒಂದು ತಾಸಿಗೆ ಬಿರುಗಾಳಿ ಎದ್ದಿತು. ಬೇವಿನ ದೊಡ್ಡ ಟೊಂಗೆ ಮುರಿದು ತಂತಿಯ ಮೇಲೆ ಬಿತ್ತು. ಕರೆಂಟು ಹೋಯಿತು.

ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಕತ್ತಲಲ್ಲಿ ಕುಳಿತು ನಾವು ಯೋಚಿಸಿದೆವು. ಇಲ್ಲಿಂದ ದೂರವಲ್ಲದ ಹೋಟಗಿಯ ಬಳಿ ಎನ್‌ಟಿಪಿಸಿಯ 1320 ಮೆಗಾವ್ಯಾಟ್ ವಿದ್ಯುತ್ ಸ್ಥಾವರವಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತವೆಲ್ಲ ಕತ್ತಲಾದಾಗ ದಕ್ಷಿಣದ ಜಾಲ ಬೇರೆಯಾಗಿತ್ತು, ನಮ್ಮ ಕಡೆ ದೀಪ ಉರಿದವು. ಆಮೇಲೆ 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ ನಡುವಿನ 765 ಕೆ.ವಿ. ಮಾರ್ಗ ಚಾಲೂ ಆಗಿ ಇಡೀ ದೇಶ ಒಂದೇ ಜಾಲವಾಯಿತು. ದೇಶವನ್ನು ಜೋಡಿಸಿದ ಗಂಟು ಈ ಸೀಮೆಯಲ್ಲೇ ಇದೆ. ಆದರೂ ಒಂದು ಬೇವಿನ ಟೊಂಗೆ ಬಿದ್ದರೆ ನಮ್ಮ ಮನೆಯಲ್ಲಿ ಕುಡಿಯುವ ನೀರಿಲ್ಲ.

ತ್ಯಾಗಿಗಳ ವಿಷಯ ವಾಚಕರಿಗೆ ತಿಳಿದದ್ದೇ. ದಿನಕ್ಕೆ ಒಂದೇ ಹೊತ್ತು, ನಿಂತು, ಕರಪಾತ್ರೆಯಲ್ಲಿ ಆಹಾರ, ನೀರೂ ಆಗಲೇ. ಅಂತರಾಯವಾದರೆ ಮರುದಿನದವರೆಗೆ ಒಂದು ಹನಿ ಇಲ್ಲ. ಸೊಲ್ಲಾಪುರದ ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿ ದಾಟುವಂಥದು. ಆ ಬಿಸಿಲಲ್ಲಿ ಬರಿಗಾಲಲ್ಲಿ ನಡೆದು ಬರುವವರು. ಅವರಿಗೆ ಬೋರ್‌ವೆಲ್ ನೀರು ನಡೆಯುವುದಿಲ್ಲ, ಬಾವಿಯ ನೀರೇ ಬೇಕು. ರಾತ್ರಿ ಏನೂ ಮಾಡುವಂತಿಲ್ಲ. ಸೂರ್ಯೋದಯದ ನಂತರವೇ ಸೇದಿ, ಸೋಸಿ, ಕಾಯಿಸಬೇಕು. ಹಿಟ್ಟೂ ಆಗಲೇ ಬೀಸಬೇಕು. ಹತ್ತು ಗಂಟೆಯೊಳಗೆ ಎಲ್ಲವೂ ಸಿದ್ಧವಾಗಬೇಕು.

ಹೊಲದ ಬಾವಿಯಲ್ಲಿ ಮೂವತ್ತು ಅಡಿ ಕೆಳಗೆ ನೀರಿತ್ತು. ಆದರೆ ಮೋಟರು ಕೂಡ್ರಿಸಿದಾಗಲೇ ರಾಟೆ ತೆಗೆದುಬಿಟ್ಟಿದ್ದರು. ಹಗ್ಗವಿಲ್ಲ. ತಾಮ್ರದ ಕೊಡವಿಲ್ಲ. ಬೀಸುವ ಕಲ್ಲನ್ನು ಹುಡುಕಿದರೆ ಅದರ ಮೇಲಿನ ಕಲ್ಲು ದನದ ಕೊಟ್ಟಿಗೆಯ ತಗಡು ಹಾರದಂತೆ ಭಾರಕ್ಕೆ ಕುಳಿತಿತ್ತು. ಅಳಿಯಂದಿರು ಮೊಬೈಲ್ ಹಿಡಿದು ನಿಂತರು. ಅದರಲ್ಲೂ ಚಾರ್ಜ್ ಮುಗಿಯುತ್ತ ಬಂದಿತ್ತು.

ಬೀಗರ ತಾಯಿಗೆ ಎಂಬತ್ತು ದಾಟಿದೆ. ಎಲ್ಲರೂ ‘ಆಯಿ’ ಎನ್ನುತ್ತಾರೆ. ಅವರು ಮೂಲೆಯಲ್ಲಿ ಕುಳಿತೇ ಹೇಳಿದರು: “ಬಾವಿ ಎಲ್ಲೂ ಹೋಗಿಲ್ಲ, ಅಲ್ಲೇ ಐತಿ. ಹೋದದ್ದು ನಮ್ಮ ಕೈ. ನಾಕು ಮಂದಿ ಸೇರ್ರಿ, ಆಗ್ತದ.”

ಬೆಳಿಗ್ಗೆ ನೆರೆಯ ರೈತನ ಕೊಟ್ಟಿಗೆಯಿಂದ ಹಗ್ಗ ಬಂತು. ಒಂದು ಹಳೆಯ ರಾಟೆಯೂ ಸಿಕ್ಕಿತು. ಆಯಿಯವರು ಪೆಟ್ಟಿಗೆಯಿಂದ ದಪ್ಪ ಬಿಳಿಯ ಬಟ್ಟೆ ತೆಗೆದು ಎರಡು ಪದರು ಮಾಡಿ ಕೊಟ್ಟರು. ನೀರು ಸೋಸುವುದೇನೋ ಆಯಿತು. ಆಮೇಲೆ ಅವರು ನಮ್ಮನ್ನೇ ಕೇಳಿದರು: “ಜೀವಾಣಿ ತಿರುಗಿ ಬಾವಿಗೆ ಬಿಡ್ಲಿಕ್ಕೆ ತಳಕ್ಕ ಕೊಂಡಿ ಇರೋ ಕೊಡ ಬೇಕಲ್ರೀ. ನಿಮ್ಮ ಅಂಗಡಿಯೊಳಗ ಸಿಗ್ತಿತ್ತಲ್ಲ?”

ನಮಗೆ ಉತ್ತರ ಕೊಡಲಾಗಲಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಮೇಲಿನಿಂದ ಎಸೆಯದೆ, ಕೊಡ ನೀರಿಗೆ ಮುಟ್ಟಿದ ಮೇಲೆ ಬೋರಲು ಮಾಡಿ ಮೆಲ್ಲಗೆ ಬಿಡುವ ಕೊಡ ಅದು. ಅಂಥ ಕೊಡ ನಮ್ಮ ಮನೆಯಲ್ಲೇ ಒಂದಿತ್ತು, ನಮ್ಮ ತಾಯಿಯವರದು. ಅವರು ತೀರಿಕೊಂಡ ಮೇಲೆ ಅದನ್ನೂ ಮೋಡಕಾ ತಾಮ್ರದ ಜೊತೆ ತೂಕಕ್ಕೆ ಹಾಕಿದ್ದೆವು. ಎಷ್ಟು ರೂಪಾಯಿ ಬಂತೆಂಬುದು ಈಗ ನೆನಪಿಲ್ಲ. ಅಷ್ಟು ಸಣ್ಣ ರಕಮು.

ಅಳಿಯಂದಿರು ಒಂದು ಸಣ್ಣ ಕ್ಯಾನಿನ ತಳಕ್ಕೆ ತಂತಿ ಬಿಗಿದು ಎರಡನೆಯ ಹಗ್ಗ ಕಟ್ಟಿದರು. ಕೆಲಸ ನಡೆಯಿತು. ರೇ ನಗರದಿಂದ ಮನೆಗೆಲಸಕ್ಕೆ ಬರುವ ಬಾಯಿ ಮಗಳ ಎದುರು ಕುಳಿತು ಕಲ್ಲು ಬೀಸಿದಳು. ಸ್ವಲ್ಪ ಹೊತ್ತಿಗೆ ಮಗಳ ಅಂಗೈಯಲ್ಲಿ ಗುಳ್ಳೆ ಎದ್ದವು.

ಹತ್ತು ಗಂಟೆಗೆ ಪಡಗಾಹನೆಗೆ ಬಾಗಿಲಲ್ಲಿ ನಿಂತೆವು. ತ್ಯಾಗಿಗಳು ಬಂದರು, ನಿಂತರು. ಮೊದಲ ಬೊಗಸೆ ನೀರು ಹಾಕುವಾಗ ನಮ್ಮ ಕೈ ನಡುಗುತ್ತಿತ್ತು. ಆಹಾರ ನಿರಂತರಾಯವಾಗಿ ಆಯಿತು. ಕರೆಂಟು ಬಂದಾಗ ಮಧ್ಯಾಹ್ನ ಎರಡು. ಎಲ್ಲ ಯಂತ್ರಗಳೂ ಒಮ್ಮೆಲೇ ಗುಂಯ್‌ಗುಡತೊಡಗಿದವು.

ನಮಗೋ ಉತ್ಸಾಹ. “ನೋಡವ್ವಾ, ಯಂತ್ರ ಇಲ್ಲದೆಯೂ ಸಂಸಾರ ನಡೀತದ” ಎಂದೆವು. ಮಗಳು ಅಂಗೈ ತೋರಿಸಿದಳು: “ಅಪ್ಪಾಜಿ, ಒಂದು ದಿನ ಛಂದ. ದಿನಾ ಬೀಸವರು ಯಾರು? ದಿನಾ ಸೇದವರು ಯಾರು? ನೀವಂತೂ ಅಲ್ಲ.” ಕೆಲಸದ ಬಾಯಿ ನಕ್ಕಳು: “ಗುಂಡಿ ಒತ್ತಿದ್ರ ನೀರು ಬರೋದು ನಾವು ಈಗ ಕಂಡೇವ್ರಿ ಸಾವ್ಕಾರ್ರ. ಅದನ್ನ ಬಿಡು ಅನಬ್ಯಾಡ್ರಿ.” ಇಬ್ಬರ ಮಾತೂ ನಿಜ. ಹಳೆಯ ಕಾಲವನ್ನು ಹೊಗಳುವ ನಮ್ಮಂಥ ಗಂಡಸರು ಆ ಕಾಲದ ಕೊಡವನ್ನು ಹೊತ್ತವರಲ್ಲ.

ಹಾಗಾದರೆ ಯಂತ್ರವನ್ನು ಪೂರ್ತಿ ನಂಬಬೇಕೇ? ಅದೂ ಸರಿಯಲ್ಲ. ಬಟ್ಟೆ ಮಾಸಿದರೆ ಕಣ್ಣಿಗೆ ಕಾಣುತ್ತದೆ. ಯಂತ್ರದ ಒಳಗಿನ ಪೊರೆ ಸವೆದದ್ದು ಕಾಣುವುದಿಲ್ಲ. ಬಟ್ಟೆ ಉಪ್ಪನ್ನಾಗಲಿ ರೋಗಾಣುವನ್ನಾಗಲಿ ತಡೆಯದು, ಅದಕ್ಕೇ ಹಿರಿಯರು ಸೋಸಿದ ನೀರಿಗೆ 48 ನಿಮಿಷದ, ಚೆನ್ನಾಗಿ ಕುದಿಸಿದ ನೀರಿಗೆ 24 ತಾಸಿನ ಮರ್ಯಾದೆ ಇಟ್ಟರು. ಆರ್‌ಒ ಉಪ್ಪನ್ನು ತೆಗೆಯುತ್ತದೆ. ಆದರೆ ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಎರಡು-ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವಲ್ಲಿ ಈ ಯಂತ್ರ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತ್ತು. ಇದನ್ನು ನಾವು ಗಿರಾಕಿಗೆ ಎಂದೂ ಹೇಳಿರಲಿಲ್ಲ. ಬಟ್ಟೆಯಲ್ಲಿ ಉಳಿದದ್ದನ್ನು ನಮ್ಮ ಹಿರಿಯರು ಬಾವಿಗೆ ಒಪ್ಪಿಸುತ್ತಿದ್ದರು. ಯಂತ್ರದಲ್ಲಿ ಉಳಿದದ್ದನ್ನು ನಾವು ಮೋರಿಗೆ ಬಿಡುತ್ತೇವೆ. ಬೀಗರ ಮನೆಯಲ್ಲಿ ಈಗ ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಪಾತ್ರೆ ತೊಳೆಯಲು ಬಳಸುತ್ತಾರೆ.

ಬಾವಿಗೆ ರಾಟೆ ಮತ್ತೆ ಕೂತಿದೆ. ಅಷ್ಟಮಿ, ಚತುರ್ದಶಿಗೆ ಒಂದೆರಡು ಕೊಡ ಸೇದುತ್ತಾರೆ, ಅಳಿಯಂದಿರೂ ಹಗ್ಗಕ್ಕೆ ಕೈ ಹಚ್ಚುತ್ತಾರೆ. ಅದು ಮಗಳು ಹಾಕಿದ ಷರತ್ತು. ಆರ್‌ಒ ಕೂಡ ಗೋಡೆಯ ಮೇಲೆಯೇ ಇದೆ.

ಊರಿಗೆ ಬಂದ ಮೇಲೆ ಕಂಚಗಾರರನ್ನು ಹುಡುಕಿ, ತಳಕ್ಕೆ ಕೊಂಡಿಯಿರುವ ಐದು ತಾಮ್ರದ ಕೊಡಗಳನ್ನು ಮಾಡಿಸಿದೆವು. ಒಂದನ್ನು ಕುಂಭಾರಿಗೆ ಕಳಿಸಿದೆವು. ಎರಡು ಮಾರಾಟವಾದವು, ಮಜೂರಿ ಹಿಡಿಯಲಿಲ್ಲ. ಉಳಿದ ಎರಡು ಆರ್‌ಒ ಯಂತ್ರಗಳ ಪಕ್ಕದಲ್ಲೇ ಇವೆ. ಗಿರಾಕಿಗಳು ಇದೇನೆಂದು ಕೇಳುತ್ತಾರೆ. ಹೇಳಲು ನಮಗೆ ಪುರಸತ್ತು ಇದೆ.