ರಿಪೋರ್ಟಿನಲ್ಲಿ ಎರಡು ಸಾಲು, ಗುಳಿಗೆಗೆ ಒಂದೇ ಅಳತೆ

ದೇಶಪಾಂಡೆ ನಗರದ ಲ್ಯಾಬಿನಿಂದ ಅತ್ತಿಗೆಯ ರಕ್ತದ ರಿಪೋರ್ಟ್ ತಂದೆ. ಹಿಮೊಗ್ಲೋಬಿನ್ ಎದುರು ಗಂಡಸರಿಗೊಂದು, ಹೆಂಗಸರಿಗೊಂದು ಅಳತೆ. ಪಕ್ಕದ ಮೆಡಿಕಲ್‌ನಲ್ಲಿ ಕೇಳಿದೆ: "ಹೆಣ್ಣಮಕ್ಕಳಿಗೆ ಗುಳಿಗಿ ಡೋಸ್ ಬ್ಯಾರೆ ಇರತೈತೇನ್ರಿ?" "ಸಣ್ಣ ಹುಡುಗರಿಗೆ ಬ್ಯಾರೆ ರೀ ಅಕ್ಕಾರ. ದೊಡ್ಡವರಿಗೆಲ್ಲಾ ಒಂದ." ರಕ್ತ ಬೇರೆ ಅಂತ ಒಪ್ಪಿದ ಮೇಲೆ ಗುಳಿಗೆ ಹೇಗೆ ಒಂದೇ?

*

ಜೋಲ್ಪಿಡೆಮ್ ಎಂಬ ನಿದ್ದೆಗುಳಿಗೆ. ಹೆಂಗಸರ ಮೈಯಿಂದ ಅದು ನಿಧಾನವಾಗಿ ಇಳಿಯುತ್ತದೆ. ಬೆಳಿಗ್ಗೆ ಗಾಡಿ ಹೊಡೆಯುವಾಗಲೂ ಮಂಪರು ಉಳಿದಿರಬಹುದು. ಅಮೆರಿಕದಲ್ಲಿ ಅವರ ಡೋಸನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿದ್ದು 2013ರಲ್ಲಿ. ಅಷ್ಟರಲ್ಲಿ ಔಷಧ ಮಾರುಕಟ್ಟೆಗೆ ಬಂದು ಇಪ್ಪತ್ತು ವರ್ಷ. ಅದೇ ದೇಶ 1977ರಲ್ಲಿ, ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಔಷಧದ ಆರಂಭದ ಪರೀಕ್ಷೆಗಳಿಂದ ದೂರ ಇಡಿ ಎಂದಿತ್ತು; ಆ ಮಾತು ಹಿಂದಕ್ಕೆ ಪಡೆದದ್ದು 1993ರಲ್ಲಿ. ಕಾಪಾಡಲೆಂದೇ ಹೊರಗಿಟ್ಟರು. ಆಮೇಲೆ ಅದೇ ಗುಳಿಗೆಯನ್ನು ಅವರಿಗೂ ಕೊಟ್ಟರು.

*

ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ರಕ್ತದಲ್ಲಿನ ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರ 1976ರದು. ಕಟ್ಟಿದ್ದು ವಯಸ್ಕ ಗಂಡಸರಿಗಾಗಿ, ಹೆಂಗಸರಿಗೆ ಶೇ. 15 ಕಡಿಮೆ ಮಾಡಿಕೊಳ್ಳಿ ಎಂದು ಆವರಣದಲ್ಲಿ ಸೇರಿಸಿದ್ದರು. ಔಷಧದ ಡೋಸ್ ಗೊತ್ತುಮಾಡಲು ಈಗಲೂ ಬಳಸುತ್ತಾರೆ.

*

ಬೆಂಗಳೂರಿನ ಪಾಂಡೋರಮ್ ಕಂಪನಿ 2015ರಲ್ಲಿ ಯಕೃತ್ತಿನ ಅಂಗಾಂಶವನ್ನು ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸಿತು. ಇಂಥ ಅಂಗಾಂಶದ ಮೇಲೆ ಔಷಧ ಪರೀಕ್ಷಿಸಬಹುದು, ಮುಂದೆ ರೋಗಿಯ ಜೀವಕೋಶದಿಂದಲೇ ಅವರ ಅಂಗ ಬೆಳೆಸಬಹುದು ಎಂಬ ಆಸೆ ದೊಡ್ಡದು. ನನಗೂ ಇದೆ. ಆದರೆ ಪರೀಕ್ಷೆಗೆ ಮುದ್ರಿಸುವಾಗ ಯಾರ ಕೋಶ? ತಟ್ಟೆಯಲ್ಲಿ ಬೆಳೆಯುವ ಕೋಶಕ್ಕೂ ಹೆಣ್ಣಿನ ಎಕ್ಸ್‌ಎಕ್ಸ್ ಇಲ್ಲವೇ ಗಂಡಿನ ಎಕ್ಸ್‌ವೈ ಕ್ರೋಮೋಸೋಮ್ ಇರುತ್ತದೆ; ಅದನ್ನು ನಮೂದಿಸದ ಪ್ರಬಂಧಗಳು ಎಷ್ಟೋ. ಹೆಂಗಸಿನ ಹೃದಯ ಒಂದು ಬಡಿತದ ಬಳಿಕ ವಿದ್ಯುತ್ತಿನ ಲೆಕ್ಕದಲ್ಲಿ ಚೇತರಿಸಿಕೊಳ್ಳಲು ತುಸು ಹೆಚ್ಚು ಹೊತ್ತು ತಗೊಳ್ಳುತ್ತದೆ. ಅದಕ್ಕೇ ಕೆಲವು ಔಷಧಗಳಿಂದ ಬಡಿತ ತಪ್ಪುವ ಅಪಾಯ ಅವಳಿಗೆ ಹೆಚ್ಚು. ಗಂಡಿನ ಕೋಶದಿಂದ ಮುದ್ರಿಸಿದ ಹೃದಯದ ಅಂಗಾಂಶ ಈ ಅಪಾಯವನ್ನು ಹಿಡಿದೀತೇ? 1997ರಿಂದ 2000ದವರೆಗೆ ಅಮೆರಿಕ ಹಿಂದಕ್ಕೆ ಪಡೆದ 10 ಔಷಧಗಳಲ್ಲಿ 8 ಹೆಂಗಸರಿಗೇ ಹೆಚ್ಚು ಅಪಾಯಕಾರಿಯಾಗಿದ್ದವು.

*

ಹೆಚ್ಚು ಕಾಡುವುದು ಇದು. 1995ರಿಂದ 2021ರವರೆಗೆ ನಮ್ಮ ದೇಶದಲ್ಲಿ 36,640 ಅಂಗಕಸಿ ಆದವು ಎನ್ನುತ್ತದೆ ರಾಷ್ಟ್ರೀಯ ಸಂಸ್ಥೆ ನೊಟ್ಟೊ. ಅಂಗ ಪಡೆದ ಹೆಂಗಸರು 6,945 ಮಾತ್ರ. ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಮಾತ್ರ ಹೆಂಡತಿ, ತಾಯಿ, ಅಕ್ಕತಂಗಿಯರೇ ಹೆಚ್ಚು. "ಅಂವ ದುಡಿಯಾಂವ, ಅಂವಗ ಆಗಲಿ" ಅನ್ನುವ ಮಾತು ನಮ್ಮ ಓಣಿಯದೂ ಹೌದು. 2025ರಲ್ಲಿ ನೊಟ್ಟೊ, ಮೃತ ದಾನಿಗಳ ಅಂಗ ಹಂಚುವಾಗ ಕಾಯುತ್ತಿರುವ ಹೆಂಗಸರಿಗೆ ಆದ್ಯತೆ ಕೊಡಿ ಎಂದು ರಾಜ್ಯಗಳಿಗೆ ಸೂಚಿಸಿತು. ಒಳ್ಳೆಯದಾಯಿತು. ಆದರೆ ಆ ಪಟ್ಟಿಯಲ್ಲಿ ಅವಳ ಹೆಸರು ಬರಬೇಕಾದರೆ ಮೊದಲು ಮನೆಯವರು ಬರೆಸಬೇಕು.

*

ಮುದ್ರಿಸಿದ ಕಿಡ್ನಿ ಬಂದರೆ ಹೆಂಡತಿ ತನ್ನದನ್ನು ಕೊಡಬೇಕಿಲ್ಲ. ಅಷ್ಟಾದರೂ ಆಗಲಿ ಎಂದು ಬಯಸುತ್ತೇನೆ. ಅವಳ ಕಿಡ್ನಿಯೇ ಕೆಟ್ಟರೆ, ಅವಳಿಗೊಂದು ಮುದ್ರಿಸಲು ಹೊಲ ಅಡ ಇಡುವವರು ಯಾರು?