ನಾಲ್ಕು ಸೀಮೆಯ ದಾರಿ, ಹಳೆಯ ಸೈಕಲ್ಲಿನ ಸವಾರಿ

ಮೈಸೂರಿನಿಂದ ಪಶ್ಚಿಮಕ್ಕೆ ಹೊರಟ ಸವಾರನಿಗೆ ಲಕ್ಷ್ಮಣತೀರ್ಥದ ದಡದ ಹುಣಸೂರು ಸುಮಾರು 45 ಕಿಲೋಮೀಟರು. ಅದನ್ನು ದಾಟಿದರೆ ಪಿರಿಯಾಪಟ್ಟಣ. ಕಾವೇರಿಯ ತಡಿಯಲ್ಲಿ ಕೃಷ್ಣರಾಜನಗರ, ದಕ್ಷಿಣಕ್ಕೆ ಕಪಿಲೆಯ ಸೀಮೆಯಲ್ಲಿ ಹೆಗ್ಗಡದೇವನಕೋಟೆ. ಬಸ್ಸಿನ ಕಿಟಕಿಯಿಂದ ಕಂಡವರಿಗೆ ಇದೆಲ್ಲವೂ ಒಂದೇ ಬಯಲು. ಇದರ ಏರಿಳಿತ ತಿಳಿಯುವುದು ಬೈಸಿಕಲ್ಲಿನ ಸವಾರನಿಗೆ. ತಿಳಿಸುವುವು ಅವನ ಮೊಣಕಾಲು, ಸೊಂಟ, ಅಂಗೈಗಳು.

ಬಾಗಿದ ಹ್ಯಾಂಡಲಿನ ಹಳೆಯ ರೇಸಿಂಗ್ ಸೈಕಲ್ಲು ಧೂಳು ಹಿಡಿದು ನಿಂತಿರುವ ಮನೆಗಳು ಹಲವು. ಯೌವನದಲ್ಲಿ ಅದನ್ನು ತುಳಿದವರು ಐವತ್ತರ ಅಂಚಿನಲ್ಲಿ ಮತ್ತೊಮ್ಮೆ ಏರಿ, ಬೆನ್ನು ಹಿಡಿದುಕೊಂಡು ಇಳಿದು, ‘ಇನ್ನು ವಯಸ್ಸಾಯಿತು’ ಎಂದು ಅದನ್ನು ಗುಜರಿಗೆ ಹಾಕುವುದುಂಟು. ದೋಷ ಅನೇಕ ವೇಳೆ ವಯಸ್ಸಿನದಲ್ಲ, ಸೀಟಿನದು.

ಹಿಂದೆ ಎಡತೊರೆಯೆನಿಸಿದ್ದ ಕೃಷ್ಣರಾಜನಗರದ ತಾಲ್ಲೂಕು ನಾಲೆ–ಗದ್ದೆಗಳ ನಾಡು. ದಾರಿ ಬಹುಮಟ್ಟಿಗೆ ಸಮ. ಚುಂಚನಕಟ್ಟೆಯ ಜಲಪಾತದತ್ತ ಹೊರಟವನು ಮೇಲೇಳದೆ ಒಂದೇ ಸಮನೆ ಕುಳಿತು ತುಳಿಯುತ್ತಾನೆ. ಇಲ್ಲಿ ಪರೀಕ್ಷೆ ಸೀಟಿನ ಮಟ್ಟಕ್ಕೆ. ಅದರ ಮೂತಿ ಮೇಲೆದ್ದಿದ್ದರೆ ಒತ್ತಿ ನೋಯಿಸುತ್ತದೆ. ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಗಳ ಮೇಲೆ ಬೀಳುತ್ತದೆ. ಮೊದಲು ಅದನ್ನು ನೆಲಕ್ಕೆ ಸಮವಾಗಿ ಬಿಗಿಯಬೇಕು. ಹಳೆಯ ಚರ್ಮದ ಸೀಟು ಜೋತಿದ್ದರೆ, ಮೂತಿಯ ಅಡಿಯ ತಿರುಪನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಎಳೆದುಕೊಳ್ಳಬಹುದು.

ಹುಣಸೂರಿನಿಂದ ಪಿರಿಯಾಪಟ್ಟಣದತ್ತ ನೆಲ ಹೊಗೆಸೊಪ್ಪಿನ ಹೊಲಗಳ ನಡುವೆ ಮೆಲ್ಲಗೆ ಏರುತ್ತದೆ. ಸೀಟು ತಗ್ಗಾಗಿದ್ದರೆ ಮೊಣಕಾಲಿನ ಮುಂಭಾಗ ನೋಯುವುದು ಇಲ್ಲಿಯೇ. ಅತಿ ಎತ್ತರವಾಗಿದ್ದರೆ ಸೊಂಟ ಎಡಬಲಕ್ಕೆ ತೂಗಿ ಮೊಣಕಾಲಿನ ಹಿಂಭಾಗ ಸೆಳೆಯುತ್ತದೆ. ಸುಲಭದ ಅಳತೆಯೊಂದುಂಟು: ಪೆಡಲು ಕೆಳತುದಿಯಲ್ಲಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗಬೇಕು; ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಆಗ ತಾನೇ ತುಸು ಬಾಗುತ್ತದೆ. 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಇಂಗ್ಲೆಂಡಿನ ಸಂಶೋಧಕರು ಸೀಟಿನ ಮೇಲ್ಭಾಗದಿಂದ ಕೆಳಗಿನ ಪೆಡಲಿನವರೆಗಿನ ದೂರ ಕಾಲಿನ ಒಳ ಅಳತೆಯ ಶೇಕಡ 109ರಷ್ಟಿರಬೇಕೆಂದರು. ಒಳ ಅಳತೆ 80 ಸೆಂಟಿಮೀಟರಾದರೆ ದೂರ ಸುಮಾರು 87. ಅದು ಬಲದ ಲೆಕ್ಕ. ಸುಖಕ್ಕಾಗಿ ಅರ್ಧ ಬೆರಳು ತಗ್ಗಿಸಿದರೂ ಬಾಧೆಯಿಲ್ಲ.

ಆಷಾಢದಲ್ಲಿ ಇದೇ ದಾರಿಯಲ್ಲಿ ಪಡುವಣ ಗಾಳಿ ಎದೆಗೆ ಬಡಿಯುತ್ತದೆ. ಹ್ಯಾಂಡಲಿನ ಬಾಗು ಏತಕ್ಕೆಂಬುದು ಆಗ ಅರ್ಥವಾಗುತ್ತದೆ. ಅದನ್ನು ಕಿತ್ತೆಸೆಯಬೇಕಿಲ್ಲ, ಎತ್ತರಿಸಿದರೆ ಸಾಕು.

ಎತ್ತರದ ಅಗತ್ಯ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಹ್ಯಾಂಡ್‌ಪೋಸ್ಟ್ ದಾಟಿ ಹಳ್ಳಿಯ ಒಳದಾರಿ ಹಿಡಿದರೆ ಕಲ್ಲು–ಕುಳಿಗಳ ಪೆಟ್ಟು ಅಂಗೈಗೆ ಏರಿ ಬೆರಳುಗಳು ಜೋಮುಗಟ್ಟುತ್ತವೆ. ಹಳೆಯ ಸೈಕಲ್ಲಿನ ಹ್ಯಾಂಡಲನ್ನು ಎತ್ತಲು ಮೇಲಿನ ಬೋಲ್ಟನ್ನು ಕೆಲವು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಬೇಕು. ಒಳಗಿನ ಬೆಣೆ ಬಿಡುತ್ತದೆ. ಕೊಳವೆಯ ಮೇಲೆ ಕೊರೆದಿರುವ ಗಡಿಗೆರೆ ಮಾತ್ರ ಹೊರಗೆ ಕಾಣಬಾರದು. ಕಂಡರೆ ನಡುದಾರಿಯಲ್ಲಿ ಹ್ಯಾಂಡಲು ಕೈಗೆ ಬಂದೀತು. ಚಕ್ರದ ಸಂದಿನಲ್ಲಿ ಎಡೆಯಿದ್ದರೆ ತುಸು ಅಗಲವಾದ ಟೈರನ್ನು ಹಾಕಿ ಗಾಳಿಯನ್ನು ಕಲ್ಲಿನಂತೆ ತುಂಬದಿರುವುದು ಲೇಸು.

ಇವೆಲ್ಲವನ್ನೂ ಒಂದೇ ದಿನ ಮಾಡಲಾಗದು. ಹಿಂದಿನ ಸ್ಥಾನಕ್ಕೆ ಗುರುತು ಹಾಕಿಕೊಂಡು, ಒಂದು ಸಲಕ್ಕೆ ಒಂದನ್ನೇ, ಐದು ಮಿಲಿಮೀಟರಿನಷ್ಟೇ ಬದಲಿಸಿ, ನಾಲ್ಕಾರು ಮೈಲಿ ತುಳಿದು ನೋಡಬೇಕು. ದೇಹವೇ ಉತ್ತರ ಹೇಳುತ್ತದೆ.

ಇಷ್ಟಾದರೂ ಹ್ಯಾಂಡಲು ಕೈಗೆ ದೂರವೇ ಉಳಿದರೆ ಸೈಕಲ್ಲಿನ ಚೌಕಟ್ಟೇ ಸವಾರನಿಗೆ ದೊಡ್ಡದೆಂದು ತಿಳಿಯಬೇಕು. ಆಗಲೂ ಅದು ಗುಜರಿಗೆ ಹೋಗಬೇಕಾಗಿಲ್ಲ. ಮನೆಯಲ್ಲಿ ಎತ್ತರಕ್ಕೆ ಬೆಳೆದ ಮಗನೋ ಮಗಳೋ ಇದ್ದರೆ, ಬೆಟ್ಟದಪುರದ ಬೆಟ್ಟವನ್ನು ದೂರದಿಂದ ಕಾಣುವ ಸರದಿ ಅವರದು.