ಪೆಟ್ಟಿಗೆಯೊಳಗಿನ ಮಾಲಕಂಸ

ಧಾರವಾಡದ ಕಡೆಯವರಾದ ನಮಗೆ ಸಂಗೀತವೆಂದರೆ ಮನ್ಸೂರರು, ಗಂಗೂಬಾಯಿಯವರು, ಭೀಮಸೇನರು. ಅದರಾಚೆ ಹುಡುಕುವ ಉಸಾಬರಿ ನಮಗಿರಲಿಲ್ಲ. ಆದರೆ ಹದಿನಾರರ ಮಗಳು ಮನೆಯಲ್ಲಿದ್ದಾಳೆ. ವರ್ಷದಿಂದೀಚೆಗೆ ಅವಳ ಕಿವಿಗೂ ನಮ್ಮ ಮಾತಿಗೂ ನಡುವೆ ಎರಡು ಪುಟ್ಟ ಬಿರಡೆಗಳು. ಊಟಕ್ಕೂ ಮೂರು ಸಲ ಕರೆಯಬೇಕು. ಒಳಗೆ ಅಂಥದ್ದೇನಿದೆ ನೋಡೋಣವೆಂದು ಒಂದು ಭಾನುವಾರ ಹೊರಗೆ ಕೇಳುವಂತೆ ಹಾಕೆಂದೆವು.

“ಏನ್ರೀ, ಮಿಕ್ಸರ್ ಕೆಟ್ಟದೇನು?” ಎಂದು ಅಡಿಗೆಮನೆಯಿಂದ ಪ್ರಶ್ನೆ ಬಂತು. ಆದರೆ ಆ ಗುರುಗುಟ್ಟುವಿಕೆಯ ಮೇಲೆ ತೇಲುತ್ತಿದ್ದದ್ದು ಮಾಲಕಂಸ!

“ಮುಂಬಯಿದೇ ಅಪ್ಪಾ, 1982ರದು,” ಎಂದಳು ಮಗಳು. ನಾವಾಗ ತೊಟ್ಟಿಲಲ್ಲಿದ್ದೆವು.

ಚರಣಜಿತ್ ಸಿಂಗರು ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದವರು. ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿದರು. ಎಚ್.ಎಂ.ವಿ. ಅದನ್ನು ಹೊರತಂದಿತು. ಜನ ಕೊಳ್ಳಲಿಲ್ಲ.

ಮೂರರಲ್ಲಿ ಟಿಬಿ-303 ಎಂಬುದರ ಕಥೆ ಸ್ವಾರಸ್ಯದ್ದು. ಒಂಟಿಯಾಗಿ ಗಿಟಾರ್ ಅಭ್ಯಾಸ ಮಾಡುವವರಿಗೆ ಬಾಸ್ ಜತೆ ಕೊಡಲೆಂದು ಮಾಡಿದ ಪೆಟ್ಟಿಗೆ ಅದು. ಬಾಸ್ ಗಿಟಾರಿನಂತೆ ಕೇಳಿಸಲೇ ಇಲ್ಲ. 1984ರಲ್ಲಿ ತಯಾರಿಕೆ ನಿಂತಿತು. ಬಿ.ಎಸ್ಸಿ.ಯಲ್ಲಿ ನಾವು ಕಲಿತ ಆಸಿಲೇಟರ್ ಇಪ್ಪತ್ತು ವರ್ಷ ಯಾವ ಸರಕಾರಿ ಕಡತದಲ್ಲೂ ಉಪಯೋಗಕ್ಕೆ ಬಂದಿರಲಿಲ್ಲ, ಅಂದು ಬಂತು. ಆಸಿಲೇಟರ್ ಅಲೆ ಹುಟ್ಟಿಸುತ್ತದೆ, ಫಿಲ್ಟರ್ ಅದನ್ನು ಸೋಸುತ್ತದೆ, ಗುಂಡಿ ತಿರುವಿದಂತೆ ಸ್ವರ ಮೆದುವಾಗುತ್ತದೆ, ಇಲ್ಲವೇ ಚೀರುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದೆವು. ಅದರಲ್ಲಿ ‘ಸ್ಲೈಡ್’ ಎಂಬ ಏರ್ಪಾಡೂ ಉಂಟು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುತ್ತದೆ. ನಮ್ಮ ಮೀಂಡಿನ ಬಡ ದಾಯಾದಿ ಎನ್ನಿ.

ಮುಂದೆ ಅಮೆರಿಕದ ಶಿಕಾಗೋದ ಹುಡುಗರು ಇದೇ ಪೆಟ್ಟಿಗೆಯ ಗುಂಡಿ ತಿರುವಿ ‘ಆಸಿಡ್ ಹೌಸ್’ ಎಂಬ ಕುಣಿತದ ಸಂಗೀತ ಹುಟ್ಟಿಸಿದರು. ಅದರ ಮೊದಲ ಮುದ್ರಿಕೆಗಳಲ್ಲೊಂದು ಬಂದದ್ದು 1987ರಲ್ಲಿ. ಹಾಗಾದರೆ ಅದು ಮುಂಬಯಿಯಲ್ಲೇ ಹುಟ್ಟಿತೆಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ನಮಗದು ಒಪ್ಪಿಗೆಯಿಲ್ಲ. ಒಂದೇ ಪೆಟ್ಟಿಗೆಯನ್ನು ಇಬ್ಬರು ಬೇರೆ ಬೇರೆ ಮೂಲೆಯಲ್ಲಿ ತೆರೆದರು, ಅಷ್ಟೇ. ಡಚ್ ಸಂಗ್ರಾಹಕರೊಬ್ಬರ ಕಣ್ಣಿಗೆ ಬಿದ್ದು 2010ರಲ್ಲಿ ಮುದ್ರಿಕೆ ಮತ್ತೆ ಹೊರಬಂದಾಗ ಸಿಂಗರಿಗೆ ಎಪ್ಪತ್ತು. ಯುರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿ ಬಂದು 2015ರಲ್ಲಿ ತೀರಿಕೊಂಡರು. ಅವರಿದ್ದ ಊರಿನಲ್ಲೇ ಇದ್ದ ನಮಗೆ ಸುದ್ದಿ ಮುಟ್ಟಲು ಮಗಳೇ ಬೇಕಾಯಿತು.

“ಇದನ್ನ ರಾಗ ಅನ್ನಬಹುದಾ ಅಪ್ಪಾ?” ಎಂದಳು. ಹಾರ್ಮೋನಿಯಮ್ಮಿಗೆ ಶ್ರುತಿಯಿಲ್ಲ, ಮೀಂಡಿಲ್ಲವೆಂದು 1940ರಿಂದ ಮೂವತ್ತು ವರ್ಷ ರೇಡಿಯೋ ಅದನ್ನು ಹೊರಗಿಟ್ಟಿತ್ತೆಂಬ ಕಥೆ ಹೇಳಿದೆವು. ಸ್ವರಗಳು ಮಾಲಕಂಸದವೇ, ರಿಷಭವಿಲ್ಲ, ಪಂಚಮವಿಲ್ಲ. ಆದರೆ ಮಧ್ಯಮದ ಮೇಲೆ ನಿಲ್ಲಲು ಪೆಟ್ಟಿಗೆಗೆ ಉಸಿರಿಲ್ಲ, ತಾಳ ಓಡಿಸಿಕೊಂಡು ಹೋಗುತ್ತದೆ. ನಿಲ್ಲುವುದೆಂದರೇನೆಂದು ತೋರಿಸಲು ಭೀಮಸೇನರನ್ನು ಹಾಕಿದೆವು. ಹತ್ತು ನಿಮಿಷ ಕೂತಳು. ಬಿರಡೆಗಳು ಮೇಜಿನ ಮೇಲೇ ಇದ್ದವು.

ಈಗ ಅವಳ ಹುಡುಕಾಟ ಅಹಮದಾಬಾದಿಗೆ ಹೊರಳಿದೆ. ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಎಂಬ ಸಿಂಥಸೈಜರ್ ಬಂದಿತ್ತಂತೆ. ಅಂದಿನ ಟೇಪುಗಳು ಕಪಾಟಿನಲ್ಲೇ ಇದ್ದು 2023ರಲ್ಲಿ ಮುದ್ರಿಕೆಯಾಗಿವೆ. ಅದರಲ್ಲಿ ತಾಳವೇ ಸಿಗುತ್ತಿಲ್ಲ, ಈ ಭಾನುವಾರ ಕೂತು ಕೇಳಬೇಕೆಂದು ನಮಗೆ ಅಪ್ಪಣೆಯಾಗಿದೆ.